ಆ ಫೋನು ಯಾರ ಕೈಯಲ್ಲಿರುತ್ತದೆ?

ಕಬ್ಬಿನ ಹಂಗಾಮು ಶುರುವಾದರೆ ರಾಯಬಾಗದ ರಸ್ತೆಯಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ಡ್ರೈವರನ ತಲೆಯ ಮೇಲೆ ಎರಡು ದೊಡ್ಡ ಸ್ಪೀಕರು. ಒಂದು ಹಾಡು ಕನ್ನಡದ್ದು, ಮುಂದಿನದು ಮರಾಠಿಯದು. ಹಾಡು ಬರುವುದು ಡ್ರೈವರನ ಫೋನಿನಿಂದ. ಫೋನಿಗೆ ಕರೆ ಬಂದರೆ ಹಾಡು ನಿಂತು, ಕರೆ ಮಾಡಿದವರ ಮಾತು ಅದೇ ಸ್ಪೀಕರಿನಲ್ಲಿ ಕೇಳುತ್ತದೆ. ಹೆಂಡತಿ "ಬರುವಾಗ ಉಳ್ಳಾಗಡ್ಡಿ ತರ್ರಿ" ಅಂದರೆ, ಆ ಮನೆಯಲ್ಲಿ ಇವತ್ತು ಈರುಳ್ಳಿ ಮುಗಿದಿದೆ ಎಂದು ಇಡೀ ಓಣಿಗೆ ತಿಳಿಯುತ್ತದೆ. ಜನ ನಗುತ್ತಾರೆ, ಮರೆಯುತ್ತಾರೆ.

ರಾಯಬಾಗದ ಬಸ್ ನಿಲ್ದಾಣದ ಹತ್ತಿರ ಕೋಡಿಂಗ್ ತರಗತಿ ನಡೆಸುವ ವೃಷಭ ಮಗದುಮನಿಗೂ ಇದು ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕೆಲಸಕ್ಕೆ ಕೂತಾಗ ನೆನಪಿಗೆ ಬರುವುದು ಬೇರೆ.

ಒಂದು ಬೆಳಿಗ್ಗೆ ಅವನು ಎಂದಿನಂತೆ ಭೀಮಸಿಯ ಚಹಾದಂಗಡಿಗೆ ಬಂದ. ಬೆಂಚಿನ ಮೇಲೆ ಕೂತಿದ್ದ ಇಬ್ಬರು ಡ್ರೈವರುಗಳಲ್ಲಿ ಒಬ್ಬ ಇವನನ್ನು ನೋಡಿ ಗಂಟಲು ಸರಿಮಾಡಿಕೊಂಡ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದವರಂತೆ ಎದೆ ಸೆಟೆಸಿ ಹೇಳಿದ: "ನಮಸ್ಕಾರ. ಉತ್ತರ ಹೌದಾದರೆ ಒಂದನ್ನು ಒತ್ತಿ!"

ಇನ್ನೊಬ್ಬ ಚಹಾ ಉಗುಳುವಷ್ಟು ನಕ್ಕ.

ವೃಷಭನೂ ನಕ್ಕ. ಅದು ಅವನದೇ ಮಾತು, ಅವನದೇ ಧ್ವನಿಯ ಅನುಕರಣೆ. ಹಿಂದಿನ ತಿಂಗಳು ಅವನ ವಿದ್ಯಾರ್ಥಿಗಳು ಒಂದು ಪ್ರೋಗ್ರಾಂ ಬರೆದಿದ್ದರು. ಊರಿಗೆ ಉಪಯೋಗವಾಗುವಂಥದ್ದನ್ನು ಮಾಡಿ ಎಂದು ಅವನೇ ಹೇಳಿದ್ದ. ಕ್ಷಯರೋಗಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದ ಆರು ಮಂದಿಗೆ ಪ್ರತಿ ಸಂಜೆ ಕಂಪ್ಯೂಟರಿನಿಂದ ತಾನಾಗಿಯೇ ಕರೆ ಹೋಗಿ, ಗುಳಿಗೆ ನುಂಗಿದಿರಾ ಎಂದು ಕೇಳುತ್ತಿತ್ತು. ಆಶಾ ಕಾರ್ಯಕರ್ತೆ ತುಳಸವ್ವ ಮೊದಲು ಆ ಮನೆಗಳಿಗೆ ಹೋಗಿ, ನೆನಪು ಮಾಡುವ ಕರೆ ಬೇಕೋ ಬೇಡವೋ ಎಂದು ಕೇಳಿ, ಒಪ್ಪಿದವರ ನಂಬರು ತಂದಿದ್ದಳು. ಉಚ್ಚಾರ ಸ್ಪಷ್ಟವಾಗಿದೆ ಎಂದು ವೃಷಭನ ಧ್ವನಿಯನ್ನೇ ಹಾಕಿದ್ದರು. ತನ್ನ ದನಿ ಊರೂರಿಗೆ ಮುಟ್ಟಿತಲ್ಲ ಎಂದು ಅವನಿಗೆ ಈಗ ಹಿಗ್ಗಾಯಿತು.

"ಏನ್ ಭೀಮಸಿ, ನಮ್ಮ ದನಿ ಡ್ರೈವರ್‌ಗಳ ತನಕ ಬಂತಲ್ಲೋ?"

ಭೀಮಸಿ ಚಹಾ ಸೋಸುವುದನ್ನು ನಿಲ್ಲಿಸಿದ. "ಸರ, ನಿಮಗ ಖರೇನ ಗೊತ್ತಿಲ್ಲೇನ್ರಿ?"

"ಏನ್ ಗೊತ್ತಿರಬೇಕು?"

"ಟ್ರ್ಯಾಕ್ಟರ್ ಡ್ರೈವರ್ ಸಮಾಧಾನಂದು. ಸಕ್ಕರಿ ಕಾರ್ಖಾನಿ ಮುಂದ ಗಾಡಿ ಪಾಳಿ ಹಚ್ಚಿದ್ವಂತ್ರಿ. ಆತ ಗಾಡಿ ಬಿಟ್ಟು ಆಚೀಕಡೆ ಮಾತಾಡ್ಕೋತ ನಿಂತಿದ್ದ. ಕೈ ಸ್ಟಿಯರಿಂಗ್ ಮ್ಯಾಲಿರತಾವಂತ ಫೋನು ತಾನ ಎತ್ತಿಕೊಳ್ಳೂವಂಗ ಇಟ್ಟಿದ್ದ. ಹಾಡ ನಿಂತು ನಿಮ್ಮ ದನಿ ಬಂತ್ರಿ."

ಬೆಂಚಿನ ಡ್ರೈವರ್ ಮುಂದಿನದನ್ನು ಒಪ್ಪಿಸಿದ. "ಇದು ಕಾಂಚನ ಅವರಿಗೆ ಕರೆ. ಇಂದಿನ ಕ್ಷಯರೋಗದ ಗುಳಿಗೆ ತೆಗೆದುಕೊಂಡಿದ್ದೀರಾ?"

"ಆತ ಓಡಿ ಬಂದು ಕಟ್ ಮಾಡಿದ್ರ ಮತ್ತ ಬಂತು," ಎಂದ ಭೀಮಸಿ. "ಮತ್ತ ಕಟ್ ಮಾಡಿದ್ರ ಮತ್ತ ಬಂತು. ಕಡೀಕ ಯಾವನೋ ಒದರಿದ್ನಂತ, 'ಒಂದ್ ಒತ್ತೋ ಸಮಾಧಾನ, ಮಾಸ್ತರ ಬಿಡೂದಿಲ್ಲ' ಅಂತ. ಇಡೀ ಅಡ್ಡಾ ನಕ್ಕಿತಂತ್ರಿ ಸರ."

ವೃಷಭನ ಮುಖದ ಮೇಲಿನ ನಗೆ ಅಲ್ಲೇ ಉಳಿದಿತ್ತು. ಅದನ್ನು ಹೇಗೆ ತೆಗೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಒಂದನ್ನು ಒತ್ತುವವರೆಗೆ ಕರೆ ಮತ್ತೆ ಮತ್ತೆ ಹೋಗಬೇಕು ಎಂಬ ನಿಯಮ ಅವನೇ ಇಟ್ಟಿದ್ದು. ಅದನ್ನು ಬರೆದ ದಿನ ತರಗತಿಯಲ್ಲಿ ಚಪ್ಪಾಳೆ ತಟ್ಟಿಸಿದ್ದ.

"ಆತನ ಹೆಂಡತಿ ರೊಟ್ಟಿ ಬಡದು ಮಾರೂ ಹೆಣ್ಮಕ್ಕಳ ಗುಂಪಿನ್ಯಾಗ ಇದ್ದಳ್ರಿ," ಭೀಮಸಿ ದನಿ ತಗ್ಗಿಸಿದ. "ಈಗ ಸ್ವಲ್ಪ ದಿವಸ ಮನ್ಯಾಗ ಇರು ಅಂದಾರಂತ."

ವೃಷಭ ಚಹಾ ಕುಡಿಯದೆ ಎದ್ದ.

ತರಗತಿಗೆ ವಿದ್ಯಾರ್ಥಿಗಳಲ್ಲಿ ಸುರಜ ಮತ್ತು ಪೂನಮ ಮಾತ್ರ ಬಂದಿದ್ದರು. ವೃಷಭ ಬಾಗಿಲಲ್ಲೇ ನಿಂತು ಕೇಳಿದ, "ಸಮಾಧಾನನ ಸುದ್ದಿ ನಿಮಗ ಗೊತ್ತಿತ್ತೇನು?"

ಸುರಜ ಕಂಪ್ಯೂಟರಿನತ್ತ ತಿರುಗಿದ. "ಗೊತ್ತಿತ್ರಿ ಸರ್. ನಾ ಎಲ್ಲಾ ಚೆಕ್ ಮಾಡೇನಿ. ಕರೆ ಬರೋಬರ ಹೋಗೇತಿ, ಟೈಮ್ ಬರೋಬರ ಐತಿ. ಒಂದೂ ಎರರ್ ಇಲ್ರಿ."

"ಮತ್ತ? ನಂಬರ್ ಅವರ ಕೊಟ್ಟಿದ್ದು. ಆ ನಂಬರಿಗೇ ಹೋಗೇತಿ. ಕೋಡಿನ್ಯಾಗ ತಪ್ಪೆಲ್ಲಿ ಐತಿ?" ಎಂದ ವೃಷಭ.

ತನ್ನ ಮಾತು ತನ್ನ ಕಿವಿಗೇ ವಕೀಲನ ಮಾತಿನಂತೆ ಕೇಳಿಸಿತು. ಪೂನಮ ತಲೆ ಎತ್ತಲಿಲ್ಲ. ಅವಳು ಸಮಾಧಾನನ ಓಣಿಯವಳು. ಆ ಮನೆಯವರನ್ನು ಒಪ್ಪಿಸಲು ತುಳಸವ್ವನ ಜೊತೆ ಹೋದವಳೂ ಅವಳೇ. ವೃಷಭನಿಗೆ ಆಗ ನೆನಪಾಯಿತು: ಪ್ರೋಗ್ರಾಂ ಬರೆಯುವಾಗ ಈ ಹುಡುಗಿ ಕೈ ಎತ್ತಿದ್ದಳು. "ಸರ್, ಆ ಫೋನು ಯಾರ ಕೈಯಾಗ ಇರತೈತಿ?" ಎಂದು ಕೇಳಿದ್ದಳು. ಅವನು ಏನು ಹೇಳಿದ್ದ? "ಪೂನಮ, ನಾವು ಕೋಡ್ ಬರ್ಯಾವ್ರು, ಪಂಚಾಯ್ತಿ ಮಾಡಾವ್ರಲ್ಲ. ಮೊದಲ ಓಡಸು." ತರಗತಿ ನಕ್ಕಿತ್ತು. ಅವಳು ಕೂತುಬಿಟ್ಟಿದ್ದಳು.

ಈಗ ಅವಳು ಅದನ್ನು ಎತ್ತಿ ಆಡಲಿಲ್ಲ. "ನಾ ಆವತ್ತ ಇನ್ನೊಮ್ಮೆ ಕೇಳಬೇಕಾಗಿತ್ರಿ ಸರ್," ಎಂದಳು. "ನಮ್ಮ ಓಣ್ಯಾಗ ಒಂದು ಫೋನು ನಾಕು ಮಂದೀದು. ಹಂಗಾಮಿನ್ಯಾಗ ಅದು ಟ್ರ್ಯಾಕ್ಟರ್ ಸಂಗಾಟ ಹೋಗತೈತಿ. ನಮ್ಮವ್ವ ನನ್ನ ಜೋಡಿ ಮಾತಾಡಾಕ ತಯಾರಿಲ್ಲ. ಎಂಥಾ ಸಾಲಿ ಕಲಿಯಾಕ ಹೋಗೀಯ ಬೇ ಅಂತಾಳ."

"ಈಗಿಂದೀಗ ಬಂದ್ ಮಾಡೂಣು," ಎಂದು ವೃಷಭ ಕುರ್ಚಿ ಎಳೆದುಕೊಂಡು, ಆರೂ ಕರೆಗಳನ್ನು ನಿಲ್ಲಿಸಿದ. "ಆತು. ಇನ್ನ ಹೋಗಂಗಿಲ್ಲ."

"ಅಷ್ಟಕ್ಕ ಆಗಂಗಿಲ್ರಿ," ಎಂದಳು ಪೂನಮ. "ಕಾಂಚನ ವೈನಿ ಗುಳಿಗಿ ಬಿಟ್ಟಾಳ. ಗುಳಿಗಿ ನುಂಗಿದ್ರ ರೋಗ ಐತಿ ಅಂದಂಗ, ಬಿಟ್ರ ಜನಾ ಮರೀತಾರ ಅಂತಾಳ."

ಪ್ರೋಗ್ರಾಂ ಬರೆದದ್ದು ಒಬ್ಬರೂ ಗುಳಿಗೆ ತಪ್ಪಿಸಬಾರದು ಎಂದು. ಅದರಿಂದಲೇ ಒಬ್ಬಳು ಗುಳಿಗೆ ಬಿಟ್ಟಿದ್ದಳು. ವೃಷಭ ಜೇಬಿಗೆ ಕೈ ಹಾಕಿ, "ನಾ ಸಮಾಧಾನಗ ಒಂದು ಫೋನ್ ಮಾಡಿ..." ಎಂದ.

"ಮತ್ತ ಫೋನ್ ಏನ್ರಿ ಸರ್?" ಎಂದಳು ಪೂನಮ.

ಮಧ್ಯಾಹ್ನ ವೃಷಭ ಮತ್ತು ಪೂನಮ ತುಳಸವ್ವನನ್ನು ಕರೆದುಕೊಂಡು ಮುಗಳಖೋಡದ ದಾರಿಯಲ್ಲಿರುವ ಸಮಾಧಾನನ ಮನೆಗೆ ಹೋದರು. ಬಾಗಿಲ ಪಕ್ಕದ ಗೋಡೆಯಲ್ಲಿ ಬುದ್ಧನ ಪಟ. ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಅದರ ಸ್ಪೀಕರುಗಳನ್ನು ಬಿಚ್ಚಿ ಗೋಣಿಚೀಲ ಹೊದಿಸಿ ಮೂಲೆಗೆ ಇಟ್ಟಿದ್ದರು. ಸಮಾಧಾನ ಟೈರಿನ ಹತ್ತಿರ ಕೂತಿದ್ದವನು ಎದ್ದು ನಿಂತ. ಮಾತಾಡಿದ್ದು ಅವನ ತಾಯಿ ಸಕ್ಕುಬಾಯಿ.

"ಬರ್ರಿ ಮಾಸ್ತರ. ಫೋನಿನ್ಯಾಗಿನ ದನಿಗೆ ಕೈಕಾಲು ಅದಾವೇನು ನೋಡಬೇಕಂತಿದ್ದೆ. ಅದಾವ."

"ಆಯಿ, ನನ್ನ ತಪ್ಪಾತು," ಎಂದ ವೃಷಭ.

"ಈ ತಪ್ಪಾತು ಅನ್ನೂದು ಎಲ್ಲೀತನಕ ಕೇಳಸ್ತೈತಿ? ಈ ಪಡಸಾಲೀತನಕ. ಆ ಮಾತು ಎಷ್ಟ ದೂರ ಕೇಳಿಸ್ತು?"

ವೃಷಭ ಚಪ್ಪಲಿ ಬಿಟ್ಟು ಪಡಸಾಲೆ ಹತ್ತಿದ.

"ನೀವು ಕಲತವ್ರು, ನಿಮಗ ಹೇಳೂದು ಬ್ಯಾಡ," ಸಕ್ಕುಬಾಯಿ ಸೆರಗು ಸಿಕ್ಕಿಸಿಕೊಂಡಳು. "ಒಂದು ಕಾಲಕ್ಕ ನಮ್ಮ ಕೈಯಾನ ರೊಟ್ಟಿ ಊರಾಗ ಯಾರೂ ಮುಟ್ಟತಿದ್ದಿಲ್ಲ. ನಮ್ಮ ಸೊಸಿ ಗುಂಪಿಗೆ ಸೇರಿದ ಮ್ಯಾಲ ಒಂದೊಂದ ಮನ್ಯಾಗ ತುಗೊಳ್ಳಾಕ ಸುರು ಮಾಡಿದ್ರು. ಒಲ್ಲೆ ಅನ್ನಾಕ ಕಾರಣ ಹುಡುಕ್ಕೋತ ಕುಂತವ್ರು ಇನ್ನೂ ಅದಾರ. ನೀವು ಅವರಿಗೆ ಕಾರಣ ಕೊಟ್ರಿ."

ವೃಷಭ ಚಪ್ಪಲಿ ಬಿಟ್ಟ ಜಾಗವನ್ನೇ ನೋಡುತ್ತಿದ್ದ. ತಮ್ಮ ಮಗದುಮರ ಮನೆಯಲ್ಲಿ ಆ ಗುಂಪಿನ ರೊಟ್ಟಿ ಎಂದಾದರೂ ತಂದಿದ್ದರೇ? ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದೂ ಇದುವರೆಗೆ ಅನ್ನಿಸಿರಲಿಲ್ಲ.

"ನಾ ಬೇಕಂದ್ರ ಕಾರ್ಖಾನಿ ಮುಂದ ಹೋಗಿ ಹೇಳ್ತೀನಿ," ಎಂದ. "ಕಂಪ್ಯೂಟರ್ ತಪ್ಪು ಹೆಸರು ಹೇಳಿತ್ತು, ಅದು ಬ್ಯಾರೆ ಯಾರದೋ ಕರೆ ಇತ್ತು ಅಂತ."

"ಬ್ಯಾಡ್ರಿ."

ಒಳಬಾಗಿಲಿಗೆ ಒರಗಿ ಕಾಂಚನ ನಿಂತಿದ್ದಳು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. "ಊರ ಜನಾ ಹುಚ್ಚರೇನ್ರಿ? ಹೆಸರು ಕೇಳ್ಯಾರ, ನಿಮ್ಮ ದನಿ ಗುರ್ತಾ ಹಿಡದಾರ. ಈಗ ಸುಳ್ಳ ಹೇಳಿದ್ರ ಆ ಸುಳ್ಳಿನ ಮ್ಯಾಲ ಇನ್ನೊಂದು ಮಾತು ಹುಟ್ಟತೈತಿ. ನನ್ನ ಸುದ್ದಿ ಇನ್ನ ಯಾರೂ ಎಲ್ಲೂ ಹೇಳೂದು ಬ್ಯಾಡ. ಚಲೋದೂ ಬ್ಯಾಡ, ಕೆಟ್ಟದ್ದೂ ಬ್ಯಾಡ."

ತುಳಸವ್ವ ಹೊಸ್ತಿಲ ಮೇಲೆ ಕೂತಳು. "ತಂಗಿ, ನಾನೂ ಕೇಳಲಿಲ್ಲ ನಿನಗ. ಕರೆ ಬೇಕೇನವಾ ಅಂತ ಕೇಳಿದೆ. ಹೆಂಗ ಬೇಕು, ಯಾವಾಗ ಬೇಕು ಅಂತ ಕೇಳಲಿಲ್ಲ. ಅದು ನಂದೂ ತಪ್ಪು. ಆದ್ರ ಗುಳಿಗಿ ಏನ್ ತಪ್ಪು ಮಾಡೇತಿ?"

ಕಾಂಚನ ಒಳಗಿದ್ದ ಗುಳಿಗೆಯ ಡಬ್ಬಿಯತ್ತ ಒಮ್ಮೆ ನೋಡಿದಳು.

"ಕಫಾ ತಪಾಸಣಿ ಮಾಡಿದ ಮ್ಯಾಲ ಡಾಕ್ಟರು ಏನ್ ಹೇಳಿದ್ರು? ಈಗ ನಿನ್ನಿಂದ ಯಾರಿಗೂ ಹರಡಂಗಿಲ್ಲ ಅಂದ್ರು. ರೊಟ್ಟಿಯಿಂದ ಅಂತೂ ಟಿಬಿ ಯಾವತ್ತೂ ಹರಡಂಗಿಲ್ಲ. ಅದು ಕೆಮ್ಮಿದ ಗಾಳ್ಯಾಗ ಹರಡೂ ರೋಗ. ಆದ್ರ ಹುಳಾ ಇನ್ನೂ ಪೂರಾ ಸತ್ತಿಲ್ಲ. ನಡುವ ಬಿಟ್ಟಿ ಅಂದ್ರ ಉಳಿದ ಹುಳಾ ಗಟ್ಟಿ ಆಗತಾವ. ಆಮ್ಯಾಲ ಈ ಗುಳಿಗಿಗೆ ಅವು ಬಗ್ಗಂಗಿಲ್ಲ. ಬ್ಯಾರೆ ಔಷಧ, ಇದಕ್ಕಿಂತ ತ್ರಾಸು. ಆವಾಗ ನಿನ್ನಿಂದ ಮನ್ಯಾಗಿನವ್ರಿಗೂ ಬರಬಹುದು."

"ನನಗೆಲ್ಲಾ ಗೊತ್ತೈತಿ ಅಕ್ಕಾ. ಗೊತ್ತಿದ್ದ ಬಿಟ್ಟೇನಿ." ಎಂದಳು ಕಾಂಚನ. "ಡಬ್ಬಿ ಮುಚ್ಚಳಾ ತೆಗದ್ರ ಸಾಕು, ಎಲ್ಲಾರೂ ನಕ್ಕಂಗ ಆಗತೈತಿ."

ಸಮಾಧಾನ ಟ್ರ್ಯಾಕ್ಟರಿನತ್ತ ಮುಖ ತಿರುಗಿಸಿದ. "ಆ ನಗೂದ್ರಾಗ ನನ್ನ ಗೆಳ್ಯಾರೂ ಇದ್ರು," ಎಂದ. ಅಂದು ಅವನು ಆಡಿದ ಮಾತು ಅಷ್ಟೇ.

ವೃಷಭ ನೆಲದ ಮೇಲೆ ಕೂತ. ಪಾಠ ಮಾಡುವವನ ದನಿ ಅವನಲ್ಲಿ ಉಳಿದಿರಲಿಲ್ಲ. "ತಂಗಿ, ನಿಮಗ ಹೆಂಗ ಬೇಕಾಗಿತ್ತು?"

"ಈಗ ಕೇಳಾಕತ್ತಾನ ನೋಡು," ಎಂದಳು ಸಕ್ಕುಬಾಯಿ.

"ಈಗ ಕೇಳಾಕತ್ತೇನ್ರಿ ಆಯಿ. ಆವಾಗ ಕೇಳಬೇಕಾಗಿತ್ತು."

ಕಾಂಚನ ಅವನನ್ನು ನೋಡಿದಳು. ಇದರಲ್ಲಿ ಏನಾದರೂ ಮೋಸವಿದೆಯೇ ಎಂದು ಪರೀಕ್ಷಿಸುವಂತಿತ್ತು.

"ಮಾತು ಯಾಕ ಬೇಕಾಗಿತ್ರಿ? ಮಿಸ್ ಕಾಲ್ ಕೊಟ್ರ ಸಾಕಾಗಿತ್ತು. ನಮ್ಮ ಮನಿಯವ್ರು ಹೊಲದಿಂದ ಮಿಸ್ ಕಾಲ್ ಕೊಟ್ರ ಬುತ್ತಿ ಕಳಸ್ತೀವಿ. ತುಳಸಕ್ಕ ಮಿಸ್ ಕಾಲ್ ಕೊಟ್ರ ಕೂಸಿನ ತೂಕ ಮಾಡಾಕ ಬಂದಾಳ ಅಂತ ತಿಳೀತೈತಿ. ಗುಳಿಗಿ ನುಂಗೂದು ನನಗ ನೆನಪಿರೂದಿಲ್ಲ ಅಂತಲ್ಲ, ಕೆಲಸದಾಗ ಹೊತ್ತು ಹೋಗೂದು ತಿಳಿಯಂಗಿಲ್ಲ. ಅತ್ತಿ ಸಂಚ್ಯಾಗ ಒಂದು ಸಣ್ಣ ಫೋನ್ ಐತಿ. ಮುಂಜಾನೆ ಉಂಡ ಮ್ಯಾಲ ಅದಕ್ಕ ಒಂದ ರಿಂಗು. ಹೆಸರಿಲ್ಲ, ಮಾತಿಲ್ಲ."

ಸಕ್ಕುಬಾಯಿ ಎಲೆಅಡಕೆಯ ಸಂಚಿಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. "ನನ್ನ ಸಂಚೀ ಮ್ಯಾಲ್ಯಾಕ ಬಂದ್ಯೇ?"

"ನೀವು ದಿನಾ ಮುಂಜಾನೆ ನನ್ನ ಮುಂದನ ಕುಂತು ಬೈತಿರ್ತೀರಲ್ರಿ. ಅದಕ್ಕ."

ಪೂನಮ ಬಾಯಿಗೆ ಓಢಣಿ ಅಡ್ಡ ಹಿಡಿದಳು. ತುಳಸವ್ವ ಗಟ್ಟಿಯಾಗಿಯೇ ನಕ್ಕಳು. ಸಕ್ಕುಬಾಯಿ ವೃಷಭನ ಕಡೆ ಬೆರಳು ತೋರಿಸಿದಳು. "ಒಂದ ಸಲ ಬಾರಸಬೇಕು. ಎರಡನೇ ಸಲ ಬಾರಿಸಿದ್ರ ಮಾಸ್ತರಗ ನಾ ಬಾರಸ್ತೀನಿ." ಬಳಿಕ ಸೊಸೆಯ ಕಡೆ ತಿರುಗಿ ದನಿ ಇಳಿಸಿದಳು. "ಇನ್ನ ಗುಳಿಗಿ ನುಂಗತೀಯಿಲ್ಲೋ ಹೇಳು. ನನಗ ಊರ ಬಾಯಿಗಿಂತ ನೀ ಇರೂದು ಮುಖ್ಯ ಐತಿ."

ಕಾಂಚನ ತಲೆ ಆಡಿಸಿದಳು. ತಪ್ಪಿದ ಗುಳಿಗೆಗಳನ್ನು ಸೇರಿಸಿ ಒಮ್ಮೆಲೇ ನುಂಗಬಾರದು, ನಾಳೆ ಇಬ್ಬರೂ ದವಾಖಾನೆಗೆ ಹೋಗಿ ಎಷ್ಟು ತಪ್ಪಿದೆ ಎಂದು ಡಾಕ್ಟರಿಗೆ ನಿಜ ಹೇಳೋಣ, ಅವರು ಹೇಳಿದಂತೆ ಮಾಡೋಣ ಎಂದು ತುಳಸವ್ವ ವಿವರಿಸಿದಳು. ರೊಟ್ಟಿಯ ಗುಂಪಿಗೆ ತಾನೂ ಬಂದು ಮಾತಾಡಲೇ ಎಂದು ವೃಷಭ ಕೇಳಿದ. ಕಾಂಚನ ಬೇಡವೆಂದಳು. "ಅಲ್ಲಿ ನಾನ ಮಾತಾಡ್ತೀನಿ, ತುಳಸಕ್ಕ ಇರ್ತಾಳ. ನಿಮ್ಮ ದನಿ ಅಲ್ಲಿ ಬ್ಯಾಡ್ರಿ."

ಅವನು ಆ ಮಾತನ್ನು ತಲೆ ತಗ್ಗಿಸಿ ಕೇಳಿದ.

ಮರುದಿನ ತರಗತಿಯಲ್ಲಿ ವೃಷಭ ಕಾಂಚನಳ ಹೆಸರನ್ನಾಗಲಿ, ಆ ಮನೆಯ ಹೆಸರನ್ನಾಗಲಿ ಎತ್ತಲಿಲ್ಲ. "ಪೂನಮ ಒಂದು ಪ್ರಶ್ನೆ ಕೇಳಿದ್ದಳು. ಕೋಡ್ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ನಾನು ನಕ್ಕೆ, ನಿಮ್ಮನ್ನೂ ನಗಿಸಿದೆ. ಅದಕ್ಕೆ ಒಬ್ಬರು ಬೆಲೆ ತೆತ್ತರು," ಎಂದ. ಅಂದು ಕಂಪ್ಯೂಟರು ಹಚ್ಚಲಿಲ್ಲ. ವಿದ್ಯಾರ್ಥಿಗಳು ತುಳಸವ್ವನ ಜೊತೆ ಉಳಿದ ಐದು ಮನೆಗಳಿಗೆ ಹೋಗಿ ಕೇಳಿ ಬಂದರು. ಒಬ್ಬರಿಗೆ ಮಾತು ಮರಾಠಿಯಲ್ಲಿ ಬೇಕಿತ್ತು. ಒಬ್ಬ ಅಜ್ಜನಿಗೆ ಮಾತೇ ಬೇಕಿತ್ತು, ಒಂಟಿಯಾಗಿದ್ದ ಅವನಿಗೆ ದಿನಕ್ಕೆ ಒಬ್ಬರಾದರೂ ಮಾತಾಡಿಸಿದಂತಾಗುತ್ತಿತ್ತಂತೆ. ಒಬ್ಬರು ಕರೆಯೇ ಬೇಡ ಎಂದರು, ಆ ನಂಬರನ್ನು ಅವರ ಎದುರಿಗೇ ಅಳಿಸಿದರು. ಹೊಸ ಪ್ರೋಗ್ರಾಮಿನಲ್ಲಿ ರೋಗದ ಹೆಸರಿಲ್ಲ. ಕರೆ ಬೇಡವೆನಿಸಿದ ದಿನ ನಿಲ್ಲಿಸುವ ಅಧಿಕಾರ ಕರೆ ಪಡೆಯುವವರದೇ. ಮೊದಲ ಒಂದು ವಾರ ಪರೀಕ್ಷೆಗಾಗಿ ಆ ಕರೆಗಳು ವಿದ್ಯಾರ್ಥಿಗಳ ಮನೆಗೇ ಹೋದವು. ಸುರಜನ ಮನೆಯಲ್ಲಿ ಅವನ ಅಜ್ಜ ಫೋನೆತ್ತಿ, ಕಂಪ್ಯೂಟರಿಗೇ ಮನಸೋಇಚ್ಛೆ ಬೈದ. "ಒಂದೂ ಎರರ್ ಇಲ್ಲ" ಎನ್ನುವ ಮಾತನ್ನು ಸುರಜ ಆಮೇಲೆ ಅಷ್ಟು ಸುಲಭವಾಗಿ ಆಡಲಿಲ್ಲ.

ಬಾಪುಸಾಹೇಬ ಎಂಬ ಒಬ್ಬ ಪಾಲಕ ಸಿಟ್ಟಿನಿಂದ ಬಂದ. "ಸರ, ನಮ್ಮ ಹುಡುಗ ಮನಿ ಮನಿ ಅಡ್ಡಾಡಾಕತ್ತಾನ. ಕಂಪ್ಯೂಟರ್ ಯಾವಾಗ ಕಲಿಯಾಂವ?"

"ನೀವು ಟ್ರ್ಯಾಕ್ಟರ್ ಕಲಸೂವಾಗ ಬ್ರೇಕ್ ಹಾಕೂದು ಆಮ್ಯಾಲ ಕಲಸ್ತೀರೇನ್ರಿ?"

"ಅದೆಂಗ ಆಗತೈತಿ! ಮಂದಿ ಮ್ಯಾಲ ಹಾಯಿಸಿ ಬಿಟ್ಟಾನು."

"ಇದೂ ಹಂಗ್ರಿ," ಎಂದ ವೃಷಭ. "ನಾ ಬ್ರೇಕ್ ಕಲಸದ ಕಲಸಾಕತ್ತಿದ್ದೆ."

ಬಾಪುಸಾಹೇಬ ತಲೆ ಆಡಿಸಿ ಹೊರಟ.

ಕಾಂಚನಳ ಚಿಕಿತ್ಸೆ ಪೂರ್ತಿಯಾಯಿತು. ಗುಣವಾಗಿದೆ ಎಂದು ಡಾಕ್ಟರು ಹೇಳಿದರು. ರೊಟ್ಟಿ ಗುಂಪಿನ ಹೆಂಗಸರು ತುಳಸವ್ವನ ಮಾತು ಕೇಳಿ ಅವಳನ್ನು ಮತ್ತೆ ಕರೆದರು. ಆದರೆ ಸುದ್ದಿ ಹಬ್ಬಿದಾಗ ಆ ಗುಂಪಿನ ರೊಟ್ಟಿ ಕೊಳ್ಳುವುದನ್ನು ಬಿಟ್ಟ ಎರಡು ಮನೆಗಳವರು ಇನ್ನೂ ಕೊಂಡುಕೊಳ್ಳುತ್ತಿಲ್ಲ. ಒಂದು ದಿನ ರಾಯಬಾಗದ ಸಂತೆಯಲ್ಲಿ ಅವಳೇ "ಆರಾಮೇನ್ರಿ ಸರ್?" ಎಂದು ವೃಷಭನನ್ನು ಮಾತಾಡಿಸಿದಳು. ಅವನು "ಹೂಂನವಾ" ಎಂದ, ಅಷ್ಟೇ. ಪ್ರೋಗ್ರಾಮಿನ ತಪ್ಪು ಕೆಲವೇ ದಿನಗಳಲ್ಲಿ ತಿದ್ದಿ ಮುಗಿದಿತ್ತು. ಆ ಎರಡು ಮನೆಗಳನ್ನು ತಿರುಗಿ ತರುವ ದಾರಿ ಅವನಿಗೆ ಇಂದಿಗೂ ಗೊತ್ತಿಲ್ಲ.

ಓದುಗರೇ, ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಕ್ಕಳು ಇಂದು ಕೋಡಿಂಗ್ ಕಲಿಯುತ್ತಿದ್ದಾರೆ. ಕಲಿಯಲಿ, ಕಲಿಸಿ. ಆದರೆ ನೀವು ಕಲಿಸುವವರಾದರೆ, ಮೊದಲ ಪಾಠವನ್ನು ಆ ಕೋಡ್ ತಲುಪಲಿರುವ ಮನೆಯ ಅಂಗಳದಲ್ಲಿ ಮಾಡಿ. ಕಲಿಯುವವರಾದರೆ, ನಿಮ್ಮ ಪ್ರಶ್ನೆಗೆ ತರಗತಿ ನಕ್ಕರೂ ಕೂತುಬಿಡಬೇಡಿ, ಇನ್ನೊಮ್ಮೆ ಕೇಳಿ. ಪಾಲಕರಾದರೆ, ಮಗಳು ಏನು ಮಾಡಿದಳು ಎಂದು ಕೇಳುವಾಗ, ಯಾರನ್ನು ಕೇಳಿ ಮಾಡಿದಳು ಎಂದೂ ಕೇಳಿ. ಯಾರಾದರೂ ನಿಮ್ಮ ನಂಬರು, ನಿಮ್ಮ ಆರೋಗ್ಯದ ವಿಷಯ ಕೇಳಿದರೆ, ಅದನ್ನು ಎಲ್ಲಿ, ಹೇಗೆ ಬಳಸುತ್ತೀರಿ ಎಂದು ಕೇಳುವುದು ನಿಮ್ಮ ಹಕ್ಕು. ಬೇಡ ಎನ್ನುವುದೂ ನಿಮ್ಮ ಹಕ್ಕು. ಕ್ಷಯರೋಗದ ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಡಾಕ್ಟರು ಸಾಕು ಎನ್ನುವವರೆಗೆ ಅದನ್ನು ಬಿಡಬೇಡಿ. ನಿಮ್ಮ ಓಣಿಯಲ್ಲಿ ಯಾರಾದರೂ ಆ ಗುಳಿಗೆ ನುಂಗುತ್ತಿದ್ದರೆ, ಅವರ ಮನೆಯ ರೊಟ್ಟಿಯನ್ನು ಬಿಡಬೇಡಿ.